ಗಿನಿ ಪಿಗ್‌ಗಳಿಗೆ ಗೂಡು: ಸರಿಗೆಯ ನೆಲದಿಂದ ಮಲ್ಟಿವುಡ್ ನೆಲದವರೆಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದೊಳಗಿರುವ ನಮ್ಮ ಮನೆಯ ಹಿಂಜಗಲಿಯಲ್ಲಿ ಎರಡು ಹೆಣ್ಣು ಗಿನಿ ಪಿಗ್‌ಗಳಿಗಾಗಿ ನಾನು ಮತ್ತು ಮಾವನವರು ಸೇರಿ ಕಟ್ಟಿದ ಗೂಡು ಒಂದು ಮಳೆಗಾಲವನ್ನು ಪೂರ್ತಿ ಕಂಡು ನಿಂತಿರುವುದರಿಂದ, ಅದರ ಅಳತೆ, ಖರ್ಚು ಮತ್ತು ಬಿಚ್ಚಿ ಮತ್ತೆ ಕಟ್ಟಿದ ಭಾಗಗಳ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಗೂಡಿನಿಂದ ನಮಗೆ ಬೇಕಾಗಿದ್ದದ್ದು ಮೂರು. ಹಗಲು ಮುಂಗುಸಿ, ರಾತ್ರಿ ಹೆಬ್ಬಾವು, ಹೆಗ್ಗಣ ಒಳಗೆ ಹೋಗಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆಯ ತೇವಕ್ಕೆ ಅದು ಕೊಳೆಯಬಾರದು. ಒಂದನೇ ತರಗತಿಯ ಮಗಳು ತಾನೇ ಹುಲ್ಲು ಹಾಕುವಂತಿರಬೇಕು, ಮೂರು ವರ್ಷದ ಮಗ ತಾನೇ ಬಾಗಿಲು ತೆಗೆಯುವಂತಿರಬಾರದು. ಮೊದಲಿನ ಎರಡಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಉತ್ತರ ಸಿಕ್ಕಿತು. ಮೂರನೆಯದು ಹೆಚ್ಚು ಕೆಲಸ ಕೊಟ್ಟಿತು.

1. ಜನವರಿ: ಅಂಗಡಿಯ ಗೂಡು

ಪ್ರಾಣಿಗಳ ಜೊತೆಗೇ ಬಂದ ಗೂಡು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ್ದಾಗಿತ್ತು. ನೆಲ ಸರಿಗೆಯದು, ಅದರ ಕೆಳಗೆ ಹಿಕ್ಕೆ ಬೀಳುವ ಪ್ಲಾಸ್ಟಿಕ್ ತಟ್ಟೆ. ₹2,800 ಕೊಟ್ಟಿದ್ದೆವು. ಶುಚಿ ಮಾಡಲು ಸುಲಭವೆಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಆ ಸುಲಭ ನಮಗೆ ಮಾತ್ರ ಆಗಿತ್ತು. ಗಿನಿ ಪಿಗ್‌ನ ಅಂಗಾಲಿನಲ್ಲಿ ರೋಮವಿಲ್ಲ. ಒಂದು ಕಿಲೋ ಆಸುಪಾಸು ತೂಗುವ ಮೈಯ ಭಾರವೆಲ್ಲ ತೆಳುವಾದ ಸರಿಗೆಯ ಮೇಲೆ, ಆ ಮೃದುವಾದ ಚರ್ಮದ ಮೂಲಕವೇ ಬೀಳಬೇಕು. ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಮೂರೇ ಎಂದು ನಾನು ಹೇಳಿದ್ದನ್ನು ನಂಬದ ಮಗಳು, ಬೆಲ್ಲ ಎಂದು ಹೆಸರಿಟ್ಟ ಕಂದು ಬಣ್ಣದ್ದನ್ನು ನನ್ನ ಮಡಿಲಲ್ಲಿ ಕೂರಿಸಿ ಎಣಿಸುತ್ತಿದ್ದಾಗ, ಹಿಂಗಾಲಿನ ಹಿಮ್ಮಡಿಯ ಭಾಗ ಕೆಂಪಾಗಿ ಹೊಳೆಯುತ್ತಿರುವುದು ಕಂಡಿತು. ಒತ್ತಿದರೆ ಕಾಲು ಎಳೆದುಕೊಳ್ಳುತ್ತಿತ್ತು. ಪಶುವೈದ್ಯರು ಅಂಗಾಲಿನ ಹುಣ್ಣಿನ ಆರಂಭವೆಂದು ಹೇಳಿ ಮುಲಾಮು ಕೊಟ್ಟರು, ನೆಲವನ್ನು ಬದಲಿಸದೆ ಮುಲಾಮಿನಿಂದ ಪ್ರಯೋಜನವಿಲ್ಲವೆಂದೂ ಸೇರಿಸಿದರು. ಮನುಷ್ಯರಂತೆ ಗಿನಿ ಪಿಗ್‌ನ ದೇಹವೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಗಾಯ ಮಾಯುವುದೂ ನಿಧಾನವಾಗುತ್ತದೆ. ಆದ್ದರಿಂದ ದಿನಕ್ಕೊಂದು ಚೂರು ಕ್ಯಾಪ್ಸಿಕಂ ಮತ್ತು ಒಂದು ಹಿಡಿ ಕೊತ್ತಂಬರಿ ಸೊಪ್ಪು ಅಂದಿನಿಂದ ನಿಗದಿಯಾಯಿತು.

2. ಫೆಬ್ರವರಿ: ಅಡಿಕೆ ದಬ್ಬೆಯ ನೆಲ

ತೋಟದಲ್ಲಿ ಬಿದ್ದ ಮರಗಳ ದಬ್ಬೆ, ಅಂದರೆ ಕಾಂಡದ ಸೀಳು, ಹೇಗೂ ಇತ್ತು. ಮಾವನವರು ಅದನ್ನು ಒಂದು ಇಂಚು ಅಗಲಕ್ಕೆ ಸೀಳಿ, ಒಳಗಿನ ನಾರನ್ನು ಕತ್ತಿಯಲ್ಲಿ ಕೆತ್ತಿ, ಮೇಲ್ಮೈಯನ್ನು ಉಜ್ಜಿ ನಯಗೊಳಿಸಿ, ಕಾಲು ಇಂಚು ಸಂದು ಬಿಟ್ಟು ಸರಿಗೆಯ ಮೇಲೆ ಜೋಡಿಸಿದರು. ಕೋಳಿಗೂಡಿಗೆ ಇದೇ ಪದ್ಧತಿ, ಖರ್ಚು ಸೊನ್ನೆ. ನೋಡಲು ಬಹಳ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಅದು ಹಾಳಾದದ್ದು ಎರಡು ಕಾರಣಗಳಿಂದ. ಒಂದು, ಕಾಲು ಇಂಚಿನ ಸಂದಿನಲ್ಲಿ ಹಿಕ್ಕೆ ಬೀಳದೆ ಸಿಕ್ಕಿಕೊಳ್ಳುತ್ತಿತ್ತು; ಸಂದನ್ನು ಅರ್ಧ ಇಂಚಿಗೆ ಹೆಚ್ಚಿಸಿದಾಗ ಹಿಕ್ಕೆ ಬಿತ್ತು, ಆದರೆ ಜೀರಿಗೆ ಎಂದು ಹೆಸರಿಟ್ಟ ಇನ್ನೊಂದು ಗಿನಿ ಪಿಗ್‌ನ ಹಿಂಗಾಲೂ ಅದರಲ್ಲಿ ಇಳಿಯಿತು. ಹೆದರಿದ ಗಿನಿ ಪಿಗ್ ಒಮ್ಮೆಲೇ ನೆಗೆದು ಓಡುವ ಪ್ರಾಣಿಯಾದ್ದರಿಂದ ಸಂದಿನಲ್ಲಿ ಸಿಕ್ಕಿದ ಕಾಲು ಮುರಿಯಲು ಹೆಚ್ಚು ಹೊತ್ತು ಬೇಡ. ಎರಡು, ದಬ್ಬೆಯ ನಾರು ಮೂತ್ರವನ್ನು ಹೀರಿ ವಾಸನೆ ಹಿಡಿಯಿತು. ಬಿಸಿಲಿನ ತಿಂಗಳಲ್ಲೇ ಹೀಗಾದರೆ ಜೋರು ಮಳೆಯ ಆಟಿ ತಿಂಗಳಲ್ಲಿ ಅದರ ಮೇಲೆ ಬೂಸು (ಬೂಷ್ಟು) ಬರುವುದು ಖಂಡಿತವಿತ್ತು. ಕೋಳಿ ಕಾಲಿನಿಂದ ಕೋಲು ಹಿಡಿದು ಕೂರುತ್ತದೆ, ಗಿನಿ ಪಿಗ್ ಹಾಗಲ್ಲ. ಕೋಳಿಗೂಡನ್ನು ಮಾದರಿಯಾಗಿ ಇಟ್ಟುಕೊಳ್ಳುವ ಯೋಚನೆಯನ್ನು ಅಲ್ಲಿಗೆ ಕೈಬಿಟ್ಟು, ಸಂದೇ ಇಲ್ಲದ, ನೀರು ಹೀರದ ಗಟ್ಟಿ ನೆಲವೇ ಬೇಕೆಂದು ತೀರ್ಮಾನಿಸಿದೆವು.

3. ಮಾರ್ಚ್: ಅಳತೆ ಮತ್ತು ಜಾಗ

ಎರಡು ಗಿನಿ ಪಿಗ್‌ಗಳಿಗೆ ಕನಿಷ್ಠ ಏಳೂವರೆ ಚದರಡಿ ನೆಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇವು ಹತ್ತುವ ಪ್ರಾಣಿಗಳಲ್ಲ, ಓಡುವವು. ಆದ್ದರಿಂದ ಮಹಡಿಯ ಮೇಲೆ ಮಹಡಿ ಕಟ್ಟುವುದಕ್ಕಿಂತ ಉದ್ದ ಹೆಚ್ಚಿಸುವುದು ಮೇಲು. ನಾವು 5 ಅಡಿ ಉದ್ದ, 2.5 ಅಡಿ ಅಗಲ, ಒಳಗೆ 18 ಇಂಚು ಎತ್ತರವೆಂದು ನಿಗದಿಪಡಿಸಿದೆವು. ಕಾಲುಗಳು 2 ಅಡಿ. ಹಾಗೆಂದರೆ ಗೂಡಿನ ನೆಲ ಮಗಳ ಸೊಂಟದ ಮಟ್ಟಕ್ಕೆ ಬರುತ್ತದೆ, ಮಗನ ಎದೆಯ ಮಟ್ಟಕ್ಕೆ.

ಜಾಗದ ಆಯ್ಕೆಯಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಎದುರಿನ ಜಗಲಿಗೆ ಶೀಟಿನ ಮಾಡು (ಛಾವಣಿ) ಇಳಿಸಿದ್ದೇವೆ. ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ಮನುಷ್ಯರೂ ಕೂರುವುದಿಲ್ಲ. ಬೆವರಲಾರದ ಈ ಪ್ರಾಣಿಗೆ ಹದವಾದ ಉಷ್ಣತೆ 18ರಿಂದ 24 ಡಿಗ್ರಿ. 30 ದಾಟಿದರೆ ಬಿಸಿಲಾಘಾತದ ಭಯ. ಆದ್ದರಿಂದ ಹಂಚಿನ ಮಾಡಿರುವ, ಮುರಕಲ್ಲಿನ ಗೋಡೆಗೆ ತಾಗಿದ, ಉತ್ತರಕ್ಕೆ ಮುಖಮಾಡಿದ ಹಿಂಜಗಲಿಯೇ ಗತಿಯಾಯಿತು. ಅಲ್ಲಿ ಎರಚಲು ಬಡಿಯದ ಮೂಲೆ ಯಾವುದೆಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು, ಏಕೆಂದರೆ ಮಳೆಗಾಲದಲ್ಲಿ ಬಟ್ಟೆ ಒಣಹಾಕುವುದೂ ಅಲ್ಲೇ. ಆ ಹಗ್ಗ ಈಗ ಬೇರೆ ಕಡೆಗೆ ಹೋಗಿದೆ, ಅತ್ತೆಯವರ ಅಸಮಾಧಾನ ಇನ್ನೂ ಪೂರ್ತಿ ತೀರಿಲ್ಲ.

4. ಏಪ್ರಿಲ್: ಚೌಕಟ್ಟು ಮತ್ತು ನೆಲ

ಬಿಚ್ಚಿ ಹಾಕಿದ್ದ ಹಳೆಯ ದನದ ಹಟ್ಟಿಯ ಮಾಡಿನ ಪಕ್ಕಾಸುಗಳನ್ನು (ಮಾಡನ್ನು ಹೊರುವ ಉದ್ದ ಮರಗಳನ್ನು) ಎರಡು ಇಂಚು ಚೌಕಕ್ಕೆ ಸೀಳಿಸಿ ಕಾಲುಗಳನ್ನೂ ಚೌಕಟ್ಟನ್ನೂ ಮಾಡಿದೆವು. ಅಡ್ಡಪಟ್ಟಿಗಳಿಗೆ ಅದೇ ಮಾಡಿನ ರೀಪುಗಳು (ತೆಳು ಮರದ ಪಟ್ಟಿಗಳು). ಈ ಮರಗಳಿಗೆ ಹಿಂದೆ ಗೆದ್ದಲು ಹಿಡಿಯದಂತೆ ಗೇರೆಣ್ಣೆ ಬಳಿದಿದ್ದರು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ ಎಂಬುದು ನಮ್ಮ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಜೀವಮಾನವಿಡೀ ಬೆಳೆಯುವ ಹಲ್ಲನ್ನು ಸವೆಸಲು ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿಯ ಬಾಯಿಗೆ ಅದು ಸಿಗಬಾರದು. ಸೀಳಿದ ಮೇಲೂ ಒಂದೊಂದು ಮುಖದಲ್ಲಿ ಕಪ್ಪು ಬಣ್ಣ ಉಳಿದಿತ್ತು. ಆ ಮುಖಗಳೆಲ್ಲ ಹೊರಗೆ ಬರುವಂತೆ ತಿರುಗಿಸಿ ಜೋಡಿಸಿದೆವು, ಒಳಗೆ ಬರುವ ಭಾಗಗಳಿಗೆ ಕೀಸುಳಿ ಹಾಕಿ ಹೊಸ ಮರ ಕಾಣುವವರೆಗೆ ತೆಗೆದೆವು. ಕಾಲುಗಳ ಕೆಳಗಿನ ಆರು ಇಂಚಿಗೆ ಮಾತ್ರ ಹೊಸದಾಗಿ ಗೇರೆಣ್ಣೆ ಬಳಿದು, ಪೂರ್ತಿ ಒಣಗುವವರೆಗೆ ಮಕ್ಕಳ ಕೈಗೆ ಸಿಗದ ಕಡೆ ಇಟ್ಟೆವು.

ನೆಲಕ್ಕೆ 12 ಮಿಲಿಮೀಟರ್ ದಪ್ಪದ ಮಲ್ಟಿವುಡ್ ಹಲಗೆ ತಂದೆವು. ಅಡುಗೆಮನೆಯ ಕಪಾಟುಗಳಿಗೆ ಈಗ ಎಲ್ಲರೂ ಹಾಕುವ ಪಿವಿಸಿ ಹಲಗೆಯೇ ಇದು. ನೀರು ಹೀರುವುದಿಲ್ಲ, ಗೆದ್ದಲಿಗೆ ಬೇಡ. 8 ಅಡಿಗೆ 4 ಅಡಿಯ ಒಂದು ಹಲಗೆಗೆ ₹2,900. ಅದರಲ್ಲಿ ಮೊದಲು 5 ಅಡಿಯಲ್ಲಿ ಅಡ್ಡ ಕೊಯ್ದು, ದೊಡ್ಡ ತುಂಡಿನಿಂದ 5 ಅಡಿಗೆ 2.5 ಅಡಿಯ ನೆಲವನ್ನೂ, ಉಳಿದ ಒಂದೂವರೆ ಅಡಿಯ ಪಟ್ಟಿಯನ್ನು ಎರಡಾಗಿಸಿ ಹಿಂದಿನ ಮತ್ತು ಮುಂದಿನ 9 ಇಂಚಿನ ತಡೆಗೋಡೆಗಳನ್ನೂ ತೆಗೆದೆವು. ಚಿಕ್ಕ ತುಂಡಿನಿಂದ ಎರಡು ಬದಿಯ ಗೋಡೆಗಳು ಬಂದು, ಅಡಗಿ ಕೂರುವ ಪೆಟ್ಟಿಗೆಗೂ ಹಲಗೆ ಉಳಿಯಿತು. ಒಂದೇ ಹಲಗೆಯಲ್ಲಿ ಮುಗಿಸಬೇಕಾದರೆ ಕೊಯ್ಯುವ ಮೊದಲು ಕಾಗದದಲ್ಲಿ ಬರೆದು ನೋಡುವುದು ಅಗತ್ಯ.

ಈ ಹಲಗೆಯ ಎರಡು ಗುಣಗಳು ನಮಗೆ ತೊಂದರೆ ಕೊಟ್ಟವು. ಅದರ ಅಂಚಿಗೆ ಹೊಡೆದ ಸ್ಕ್ರೂ ಹಿಡಿಯುವುದಿಲ್ಲ, ಹಲಗೆ ಸೀಳುತ್ತದೆ. ಗೋಡೆಗಳನ್ನು ನೆಲದ ಅಂಚಿಗೇ ಹೊಡೆಯಲು ಹೋಗಿ ಒಂದು ಮೂಲೆ ಬಾಯಿಬಿಟ್ಟ ಮೇಲೆ, ಪ್ರತಿಯೊಂದು ತುಂಡನ್ನೂ ಮರದ ಚೌಕಟ್ಟಿಗೆ ಮಾತ್ರ ಸ್ಕ್ರೂ ಹಾಕಿ ಕೂರಿಸಿದೆವು. ಎರಡನೆಯದು ಬಾಗುವಿಕೆ. ತೊಳೆದ ನೀರು ಹಿಂದಕ್ಕೆ ಹರಿಯಲೆಂದು ಹಿಂಬದಿಯ ಕಾಲುಗಳನ್ನು ಅರ್ಧ ಇಂಚು ಗಿಡ್ಡ ಮಾಡಿದ್ದೆವು. ಪರೀಕ್ಷೆಗಾಗಿ ಒಂದು ಲೋಟ ನೀರು ಸುರಿದಾಗ ಅದು ಹಿಂದಕ್ಕೆ ಹೋಗದೆ ನೆಲದ ನಡುವೆ ಕೊಳವಾಗಿ ನಿಂತಿತು. ಐದು ಅಡಿಯ ಹಲಗೆ ತನ್ನ ಭಾರಕ್ಕೇ ನಡುವೆ ತಗ್ಗಿತ್ತು. ಹಲಗೆಯನ್ನು ತೆಗೆದು, ಕೆಳಗೆ ಹತ್ತು ಇಂಚಿಗೊಂದರಂತೆ ರೀಪು ಅಡ್ಡ ಹಾಕಿ ಮತ್ತೆ ಕೂರಿಸಿದ ಮೇಲೆ ನೀರು ಸರಿಯಾಗಿ ಹಿಂದಿನ ಮೂಲೆಗೆ ಬಂತು. ಆ ಮೂಲೆಯಲ್ಲಿ ಒಂದು ಇಂಚಿನ ತೂತು ಕೊರೆದು, ಬಿರಡೆ ಹಾಕುವ ಪಿವಿಸಿ ತುಂಡು ಸೇರಿಸಿ, ಕೆಳಗೊಂದು ಬಕೆಟ್ ಇಟ್ಟಿದ್ದೇವೆ. ದಿನನಿತ್ಯ ಮೂತ್ರವನ್ನು ಹೀರುವುದು ಹಾಸಿಗೆಯೇ. ಇಳಿಜಾರಿನ ಪ್ರಯೋಜನ ವಾರಕ್ಕೊಮ್ಮೆ ತೊಳೆಯುವಾಗ ಮಾತ್ರ. ಅಷ್ಟಕ್ಕಾಗಿ ಅಷ್ಟು ಶ್ರಮ ಬೇಕಿತ್ತೇ ಎಂದು ಮಾವನವರು ಕೇಳಿದ್ದಾರೆ. ತೊಳೆಯುವವಳು ನಾನಾದ್ದರಿಂದ ಬೇಕಿತ್ತು ಎಂಬುದು ನನ್ನ ಉತ್ತರ.

ಸಂದುಗಳಿಗೆ ಸಿಲಿಕೋನ್ ತುಂಬಿಸಿ, ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಗಳನ್ನು ಒಳಕ್ಕೆ ಬಿಡಲಿಲ್ಲ. ಬಿಟ್ಟ ಮರುದಿನವೇ ಜೀರಿಗೆ ಬದಿಯ ಗೋಡೆಯ ಮೇಲಂಚನ್ನು ಎರಡು ಕಾಲೂರಿ ನಿಂತು ಕಡಿದು, ಬಿಳಿ ಪ್ಲಾಸ್ಟಿಕ್ಕಿನ ಚೂರುಗಳನ್ನು ಉದುರಿಸಿತು. ಹಲ್ಲಿಗೆ ಸಿಗುವ ಎಲ್ಲ ಅಂಚಿಗೂ, ಸಿಲಿಕೋನ್ ಇರುವ ಮೂಲೆಗಳಿಗೂ ಮುಕ್ಕಾಲು ಇಂಚಿನ ಅಲ್ಯುಮಿನಿಯಂ ಆ್ಯಂಗಲ್ ಹೊಡೆದೆವು. ಹನ್ನೆರಡು ಅಡಿಯ ಎರಡು ಉದ್ದಕ್ಕೆ ₹460. ಕಡಿಯಲೆಂದೇ ಪೇರಳೆ ಮರದ ಹಸಿ ಕೊಂಬೆಗಳನ್ನು ಈಗ ಒಳಗೆ ಹಾಕುತ್ತೇವೆ, ಅಲ್ಯುಮಿನಿಯಂ ಅಷ್ಟಾಗಿ ಅವುಗಳಿಗೆ ರುಚಿಸಿಲ್ಲ.

5. ಏಪ್ರಿಲ್ ಕೊನೆ: ಬಲೆ

ಕೋಳಿಬಲೆ ಬೇಡವೆಂದು ಮೊದಲೇ ನಿರ್ಧರಿಸಿದ್ದೆವು. ಅದು ಕೋಳಿಯನ್ನು ಒಳಗಿಡುತ್ತದೆ, ಹೆಗ್ಗಣವನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಬಲೆ, ಮೂರು ಅಡಿ ಅಗಲದ್ದು ಹನ್ನೆರಡು ಅಡಿ ಕೊಂಡೆವು; ₹780. ಐದು ಅಡಿ ಮೇಲ್ಭಾಗಕ್ಕೆ, ಉಳಿದದ್ದನ್ನು 9 ಇಂಚಿನ ಪಟ್ಟಿಗಳಾಗಿ ಸುತ್ತಲಿಗೆ. ಯು ಮೊಳೆಗಳಲ್ಲಿ ಮಾತ್ರ ಹೊಡೆದ ಬಲೆಯನ್ನು ನಾನು ಎರಡು ಬೆರಳಿನಿಂದ ಎಳೆದು ಕೀಳಬಹುದಾಗಿತ್ತು. ಬಲೆಯ ಅಂಚಿನ ಮೇಲೆ ತೆಳುವಾದ ರೀಪು ಇಟ್ಟು, ನಾಲ್ಕು ಇಂಚಿಗೊಂದು ಸ್ಕ್ರೂ ಹಾಕಿ ಬಿಗಿದ ಮೇಲೆ ಮಾವನವರು ನೇತಾಡಿದರೂ ಅಲುಗಲಿಲ್ಲ. ಕತ್ತರಿಸಿದ ಸರಿಗೆಯ ತುದಿಗಳು ಆ ರೀಪಿನಡಿಗೇ ಮುಚ್ಚಿಹೋಗುವುದರಿಂದ ಮಕ್ಕಳ ಕೈಗೂ ಗೀರುವುದಿಲ್ಲ. ಮೇಲ್ಭಾಗವನ್ನು ಬಿಜಾಗರಿ ಹಾಕಿ ಪೆಟ್ಟಿಗೆಯ ಮುಚ್ಚಳದಂತೆ ತೆರೆಯುವ ಹಾಗೆ ಮಾಡಿದೆವು. ತೊಳೆಯಲು, ಪ್ರಾಣಿಗಳನ್ನು ಎತ್ತಲು ದೊಡ್ಡವರಿಗೆ ಅದೇ ದಾರಿ.

6. ಮೇ: ಮಕ್ಕಳ ಬಾಗಿಲು

ಮೊದಲು ಎದುರಿಗೆ ಎರಡು ಅಡಿ ಅಗಲದ, ಬದಿಗೆ ತೆರೆಯುವ ಬಾಗಿಲು ಇಟ್ಟಿದ್ದೆವು. ತೆರೆದಿಟ್ಟಾಗ ಅದರ ಕೆಳಮೂಲೆ ಸರಿಯಾಗಿ ಮಗನ ಕಣ್ಣಿನ ಮಟ್ಟಕ್ಕೆ ಬರುತ್ತದೆಂಬುದು, ಅವನು ಓಡಿ ಬಂದು ಹಣೆಗೆ ತಾಗಿಸಿಕೊಂಡಾಗ ತಿಳಿಯಿತು. ಕಣ್ಣು ಉಳಿದದ್ದು ಒಂದು ಇಂಚಿನಲ್ಲಿ. ಆ ಬಾಗಿಲನ್ನು ಅಂದೇ ಬಿಚ್ಚಿದೆವು. ಈಗಿರುವುದು ತಡೆಗೋಡೆಯ ಮೇಲಿನ 9 ಇಂಚಿನ ಬಲೆಯ ಭಾಗ ಮಾತ್ರ. ಬಿಜಾಗರಿ ಅದರ ಕೆಳಬದಿಗಿದೆ, ತೆರೆದರೆ ಹೊರಕ್ಕೆ ಮಡಚಿ ತಡೆಗೋಡೆಗೆ ಅಂಟಿಕೊಂಡು ತೂಗುತ್ತದೆ. ಚಾಚಿಕೊಂಡ ಮೂಲೆಯಿಲ್ಲ. ಮಗಳು ಕೈ ಇಳಿಸಿ ಸೊಪ್ಪು ಕೊಡಬಹುದು, ಬೆನ್ನು ಸವರಬಹುದು. ಎತ್ತಿ ಹೊರತೆಗೆಯಲು ಮಾತ್ರ ಅಷ್ಟು ಎತ್ತರದಿಂದ ಅವಳ ಕೈಗೆ ಬಲ ಸಾಲದು, ಅದು ನಾವು ಬೇಕೆಂದೇ ಇಟ್ಟ ಅಳತೆ. ಮಕ್ಕಳ ತೋಳಿನಿಂದ ಜಾರಿ ಬಿದ್ದ ಗಿನಿ ಪಿಗ್‌ಗೆ ಬೆನ್ನೆಲುಬಿನ ಪೆಟ್ಟಾಗುವುದು ಸಾಮಾನ್ಯ. ಮಡಿಲಲ್ಲಿ ಕೂರಿಸಿಕೊಳ್ಳಬೇಕಾದರೆ ಮಕ್ಕಳು ನೆಲದ ಮೇಲೆ ಕಾಲು ಚಾಚಿ ಕೂರಬೇಕು, ಟವೆಲ್ ಹಾಸಬೇಕು, ನಾವು ಎತ್ತಿಕೊಡಬೇಕು.

ಚಿಲಕದ ವಿಷಯದಲ್ಲಿ ಮಗ ನಮ್ಮೆಲ್ಲರಿಗಿಂತ ಮುಂದಿದ್ದ. ತಿರುಗಿಸುವ ಮರದ ಬಿರಡೆಯನ್ನು ಅವನು ನೋಡುತ್ತಿದ್ದಂತೆಯೇ ಕಲಿತ. ಟವರ್ ಬೋಲ್ಟ್ ಹಾಕಿದೆವು. ಅದನ್ನು ಎಳೆಯುವ ಸದ್ದು ಅವನಿಗೆ ಇಷ್ಟವಾಗಿ ದಿನವಿಡೀ ಎಳೆಯುತ್ತಿದ್ದ. ಬೀಗ ಹಾಕಿದರೆ ಕೀಲಿ ಹುಡುಕುವ ಕೆಲಸ ನನ್ನದಾಗುತ್ತಿತ್ತು, ಮಗಳಿಗೂ ದಾರಿ ಮುಚ್ಚುತ್ತಿತ್ತು. ಕೊನೆಗೆ ನೆರವಿಗೆ ಬಂದದ್ದು ದನದ ಸರಪಳಿಯ ತುದಿಯಲ್ಲಿರುವ ಸ್ಪ್ರಿಂಗ್ ಕೊಂಡಿ. ಕೊಂಡಿಯ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಬಳೆಯಿಂದ ಜಾರಿಸಬೇಕು. ಆರು ವರ್ಷದ ಬೆರಳಿಗೆ ಅದು ಸಾಧ್ಯ, ಮೂರರ ಬೆರಳಿಗೆ ಸದ್ಯಕ್ಕೆ ಇಲ್ಲ. ಬಾಗಿಲಿನ ಎರಡು ತುದಿಗೂ ಒಂದೊಂದು ಹಾಕಿದ್ದೇವೆ, ಮುಂಗುಸಿಯ ಪ್ರಯತ್ನಕ್ಕೂ ಅದು ಬಗ್ಗುವುದಿಲ್ಲ. ಬಿಜಾಗರಿ, ಕೊಂಡಿ, ಸ್ಕ್ರೂ, ಸಿಲಿಕೋನ್ ಎಲ್ಲ ಸೇರಿ ₹640 ಆಗಿ, ಹೊಸ ಗೂಡಿನ ಒಟ್ಟು ಖರ್ಚು ₹4,780ಕ್ಕೆ ನಿಂತಿತು. ಮರ ಮನೆಯದು, ಕೂಲಿಯ ಲೆಕ್ಕವಿಲ್ಲ.

ಮಗನಿಗೂ ಒಂದು ಕೆಲಸ ಬೇಕಿತ್ತು. ಬದಿಯ ಗೋಡೆಗೆ ಹೊರಗಿನಿಂದ ಹುಲ್ಲಿನ ಪೆಟ್ಟಿಗೆಯೊಂದನ್ನು ಜೋಡಿಸಿದೆವು: ಮೇಲೆ ಮುಚ್ಚಳ, ಒಳಬದಿಯಲ್ಲಿ ಒಂದು ಇಂಚಿಗೊಂದು ಸರಳು, ಪ್ರಾಣಿಗಳು ಸರಳಿನ ನಡುವೆ ಹುಲ್ಲನ್ನು ಎಳೆದು ತಿನ್ನುತ್ತವೆ. ಅವನು ಮುಚ್ಚಳ ಎತ್ತಿ ಹುಲ್ಲು ತುರುಕಿದರೂ ಗೂಡು ತೆರೆದಂತಾಗುವುದಿಲ್ಲ. ಮುಚ್ಚಳ ಬೆರಳಿನ ಮೇಲೆ ಬಿದ್ದು ಒಮ್ಮೆ ಅತ್ತ ಮೇಲೆ ಅದರ ಅಂಚಿನುದ್ದಕ್ಕೂ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದೆವು, ಈಗ ಸದ್ದೂ ಇಲ್ಲ, ನೋವೂ ಇಲ್ಲ. ಪಕ್ಕದಲ್ಲೇ ಸೋಪಿನ ಪೆಟ್ಟಿಗೆಯನ್ನು ಹೊಡೆದದ್ದು ಕೈ ತೊಳೆಯದೆ ಒಳಗೆ ಓಡುವುದನ್ನು ತಪ್ಪಿಸಲು.

7. ಜೂನ್‌ನಿಂದ ಸೆಪ್ಟೆಂಬರ್: ಮಳೆ, ಹಾಸಿಗೆ, ಇರುವೆ

ಬೇಸಿಗೆಯಲ್ಲಿ ಹಳೆಯ ಟವೆಲುಗಳನ್ನು ಹಾಸಿ, ಒಗೆದು, ಬಿಸಿಲಿಗೆ ಹಾಕುತ್ತಿದ್ದೆವು. ಜೂನ್ ಎರಡನೆಯ ವಾರಕ್ಕೆ ಅದು ನಿಂತುಹೋಯಿತು, ಮಕ್ಕಳ ಸಮವಸ್ತ್ರವೇ ಒಣಗದ ದಿನಗಳಲ್ಲಿ ಗಿನಿ ಪಿಗ್‌ಗಳ ಟವೆಲಿಗೆ ಜಾಗವೆಲ್ಲಿ. ಉಮಿ ಹಾಕಿದೆವು, ಧೂಳಿಗೆ ಅವು ಸೀನತೊಡಗಿದವು. ತೆಂಗಿನ ನಾರಿನ ಹುಡಿ ನೀರನ್ನು ಚೆನ್ನಾಗಿ ಹೀರಿತು, ಆದರೆ ಹೀರಿದ್ದನ್ನು ಬಿಡಲಿಲ್ಲ; ಮೇಲ್ಮೈ ಸದಾ ತಣ್ಣಗೆ, ಹೊಟ್ಟೆಯ ರೋಮವೆಲ್ಲ ಕಂದು. ಆ ತೇವದ ದಿನಗಳಲ್ಲೇ ಬೆಲ್ಲದ ಮೂಗಿನ ಪಕ್ಕ ಗುಂಡಗೆ ರೋಮ ಉದುರಿ ಹುರುಪೆ ಕಾಣಿಸಿತು. ಹುಳುಕಡ್ಡಿ, ಮಕ್ಕಳಿಗೂ ದಾಟುವ ರೋಗವಾದ್ದರಿಂದ ವಾಸಿಯಾಗುವವರೆಗೆ ಮುಟ್ಟುವುದನ್ನು ನಿಲ್ಲಿಸಿದೆವು, ಹುಡಿಯನ್ನೆಲ್ಲ ಬಾಳೆಯ ಬುಡಕ್ಕೆ ಸುರಿದೆವು.

ಈಗ ಅಡಿಯಲ್ಲಿ ನಾಲ್ಕು ಪದರ ಹಳೆಯ ಪತ್ರಿಕೆ, ಮೇಲೆ ಬಡಗಿಯ ಕೀಸುಳಿಯಿಂದ ಬೀಳುವ ಸುರುಳಿ ಹೊಟ್ಟು ಎರಡು ಇಂಚು. ಗರಗಸದ ನುಣ್ಣನೆಯ ಹುಡಿ ಉಸಿರಿಗೆ ಕೆಟ್ಟದ್ದು, ಸುರುಳಿಯೇ ಆಗಬೇಕು. ಎಣ್ಣೆ, ಪಾಲಿಶು ಬಳಿದ ಮರದ್ದಾಗಿರಬಾರದೆಂದು ಬಡಗಿಯವರಿಗೆ ಹೇಳಿ ಹಲಸಿನ ಕೆಲಸವಿದ್ದಾಗ ಚೀಲ ತುಂಬಿಸಿಕೊಂಡು ಬರುತ್ತೇವೆ. ಒದ್ದೆಯಾದ ಮೂಲೆಯನ್ನು ದಿನವೂ, ಪೂರ್ತಿ ಹಾಸಿಗೆಯನ್ನು ವಾರಕ್ಕೊಮ್ಮೆ ಬದಲಿಸಿದರೆ ವಾಸನೆಯಿಲ್ಲ. ಮೂತ್ರದ ಸುಣ್ಣ ನೆಲದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ವಿನೆಗರ್ ಸುರಿದು ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಬಿಡುತ್ತದೆ.

ತಿಂದುಳಿದ ಸೌತೆಕಾಯಿಗೆ ಇರುವೆ ಸಾಲುಗಟ್ಟಿತು. ಇರುವೆ ಸೀಮೆಸುಣ್ಣ ವಿಷವಾದ್ದರಿಂದ ಮಕ್ಕಳಿರುವ ಜಗಲಿಯಲ್ಲಿ ಬೇಡವೆಂದು, ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆವು. ವಾರದೊಳಗೆ ಬಟ್ಟಲುಗಳಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ನೀರು ಚೆಲ್ಲಿ, ಪ್ರತಿ ಕಾಲಿನ ನಡುವೆ ಎರಡು ಇಂಚು ಅಗಲಕ್ಕೆ ಗ್ರೀಸ್ ಬಳಿದೆವು. ಮಗನ ಅಂಗಿಗೆ ಅದು ಅಂಟದಂತೆ ಅದರ ಮೇಲೆ ಅಡಿಕೆ ಹಾಳೆಯ ತುಂಡನ್ನು ಲಂಗದಂತೆ ಕಟ್ಟಿದ್ದೇವೆ. ಹಾಳೆಗೂ ಕಾಲಿಗೂ ನಡುವೆ ಗ್ರೀಸ್ ಧೂಳು ಹಿಡಿಯದೆ ಉಳಿಯುತ್ತದೆಂಬುದು ಲೆಕ್ಕಕ್ಕಿಲ್ಲದ ಲಾಭ.

8. ಅಕ್ಟೋಬರ್: ಉಳಿದ ಕೆಲಸ

ಬೆಲ್ಲದ ಅಂಗಾಲು ಮಾಸಲು ಗುಲಾಬಿಗೆ ಮರಳಿದೆ, ಮೂಗಿನ ಪಕ್ಕ ರೋಮ ಬಂದಿದೆ. ಮಳೆ ಕಡಿಮೆಯಾದ ಮೇಲೆ ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಒಂದು ಮೂಲೆಯಲ್ಲಿ ಗರಿಕೆಯನ್ನು ಹರಡಿ ಒಣಗಿಸುತ್ತಿದ್ದೇವೆ. ಹಿಡಿ ಹುಲ್ಲನ್ನು ತಿರುಚಿದರೆ ಮುರಿಯುವಷ್ಟು ಒಣಗಿದ ಮೇಲೆಯೇ ಚೀಲಕ್ಕೆ ತುಂಬುವುದು, ಮೊದಲ ಚೀಲವನ್ನು ಅವಸರದಲ್ಲಿ ಕಟ್ಟಿದ್ದರಿಂದ ಒಳಗೆ ಬೂಸು ಬಂದು ಅದು ಗೊಬ್ಬರದ ಗುಂಡಿ ಸೇರಿತು.

ಗೂಡಿನ ಮೇಲೆ ಮಾಡಿನ ಒಳಗಿನ ಬಿಸಿ ಇಳಿಯದಂತೆ ಮಾಡುವ ಕೆಲಸ ಬಾಕಿಯಿದೆ. ಕಳೆದ ಮೇ ತಿಂಗಳಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದೆವು, ಎರಡೂ ಅದಕ್ಕೆ ಮೈ ತಾಗಿಸಿ ಮಲಗುತ್ತಿದ್ದವು. ಕರೆಂಟು ಹೋದ ದಿನ ಅದಕ್ಕೂ ಗತಿಯಿರಲಿಲ್ಲ. ಹಂಚಿನ ಕೆಳಗೆ ಒಂದು ಅಡಿ ಜಾಗ ಬಿಟ್ಟು ಸೋಗೆಯ ತಟ್ಟಿಯನ್ನು ಕಟ್ಟಬೇಕೆಂದು ಮಾವನವರು, ಅದರಲ್ಲಿ ಇಲಿ ಗೂಡು ಕಟ್ಟುತ್ತದೆಂದು ನಾನು. ಫೆಬ್ರವರಿಯೊಳಗೆ ಎರಡರಲ್ಲೊಂದು ತೀರ್ಮಾನವಾಗಬೇಕು.